ಹರಿದ ತೋಳು ತಾನೇ ಕೂಡುವ ಪುಸ್ತಕ

ನೀವಿಬ್ಬರೂ ಬೇರೆ ಬೇರೆ ವರ್ಷಗಳಲ್ಲಿ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದೀರಿ. ಅಜ್ಜಿ, ನೀನು ಬಹ್ರೈನಿನಿಂದ ಯಾಕೆ ಹೊರಟು ಹೋದದ್ದು? ಎರಡು ಸಲವೂ ನಾನು “ಅಲ್ಲಿನ ಸೆಕೆ ಆಗುದಿಲ್ಲ ಮಕ್ಕಳೇ” ಎಂದು ಹೇಳಿ ಒಳಗೆ ಹೋದೆ. ಅದು ಸುಳ್ಳು. ಅಲ್ಲಿ ಮನೆಯೊಳಗೆ ನಾನು ಸ್ವೆಟರ್ ಹಾಕಿಕೊಂಡು ಕುಳಿತಿರುತ್ತಿದ್ದೆ, ಏ.ಸಿ. ಅಷ್ಟು ತಂಪು.

ಎದುರು ಕುಳಿತು ಹೇಳುವುದು ನನಗೆ ಈಗಲೂ ಕಷ್ಟ. ಅದಕ್ಕೆ ಬರೆಯುತ್ತಿದ್ದೇನೆ. ಏಳನೆಯ ಕ್ಲಾಸಿನವರೆಗೆ ಕಲಿತ ಕನ್ನಡ ಇದು. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ತುಳುವನ್ನು ಬರೆದು ನನಗೆ ಅಭ್ಯಾಸವಿಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ನಮ್ಮ ಕಡೆಯ ಕನ್ನಡವನ್ನೇ ಇಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಬಾರದು ಎಂದು ನಿಮ್ಮಲ್ಲಿ ದೊಡ್ಡವಳು ಮೊದಲೇ ಹೇಳಿದ್ದಾಳೆ. ಆದ್ದರಿಂದ ಇಲ್ಲಿ ನೀವು ದೊಡ್ಡವಳು ಮತ್ತು ಚಿಕ್ಕವಳು, ಅಷ್ಟೇ.

ಚಿಕ್ಕವಳು ಹುಟ್ಟುವಾಗ ನಿಮ್ಮ ಅಮ್ಮನ ಬಾಣಂತನಕ್ಕೆ ನಾನು ಅಲ್ಲಿಗೆ ಹೋದದ್ದು. ಮೂರು ತಿಂಗಳು ಎಂದು ಊರಿನಲ್ಲಿ ಎಲ್ಲರಿಗೂ ಹೇಳಿದ್ದೆ. ನಿಮ್ಮ ಅಜ್ಜ ತೀರಿಕೊಂಡು ಆಗ ಆರು ವರ್ಷ ಆಗಿತ್ತು. ಗುಫೂಲ್‌ನಲ್ಲಿ ಮೂರನೆಯ ಮಹಡಿಯ ಮನೆ. ನಿಮ್ಮ ಅಪ್ಪ ಟುಬ್ಲಿಯ ಗ್ಯಾರೇಜಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುವವರ ಮೇಲಿನ ಮೇಸ್ತ್ರಿ. ನಿಮ್ಮ ಅಮ್ಮ ಸೀಫ್‌ನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿದ್ದಳು. ಬಾಣಂತನ ಮುಗಿಯಿತು, ಅವಳು ಕೆಲಸಕ್ಕೆ ಹೋಗಲು ಶುರುಮಾಡಿದಳು. ಮಗುವನ್ನು ನೋಡಿಕೊಳ್ಳುವವರು ಬೇಕಲ್ಲ. ನನ್ನ ವೀಸಾ ಮೂರು ತಿಂಗಳಿಗೆ ಮುಂದೆ ಹೋಯಿತು, ಮತ್ತೆ ಮೂರು ತಿಂಗಳಿಗೆ ಹೋಯಿತು, ಆಮೇಲೆ ಒಂದು ದಿನ ನನ್ನ ಫೋಟೋ ಇರುವ ಕಾರ್ಡೇ ಬಂತು. “ಅಮ್ಮ, ಇನ್ನು ಟೆನ್ಶನ್ ಇಲ್ಲ” ಎಂದಳು ನಿಮ್ಮ ಅಮ್ಮ. ನಾನು ಆ ಕಾರ್ಡನ್ನು ನೋಡಿದೆ. ಫೋಟೋದಲ್ಲಿ ನಾನು ಯಾರೋ ಬಯ್ದ ಹಾಗೆ ನಿಂತಿದ್ದೆ.

ಯಾರೂ ನನ್ನನ್ನು ಕೂಡಿ ಹಾಕಿದ್ದಲ್ಲ, ಇದನ್ನು ಮೊದಲು ಹೇಳಿಬಿಡಬೇಕು. ಬೀಗದ ಕೈ ಫ್ರಿಜ್ಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಆದರೆ ಆ ಬೀಗದ ಕೈ ಹಿಡಿದುಕೊಂಡು ಎಲ್ಲಿಗೆ ಹೋಗುವುದು? ಕೆಳಗೆ ಕೋಲ್ಡ್ ಸ್ಟೋರ್ ಇತ್ತು, ಅಂದರೆ ನಮ್ಮ ಜಿನಸಿ ಅಂಗಡಿಯಂಥದ್ದು. ಫೋನ್ ಮಾಡಿದರೆ ಅವರೇ ಹಾಲು, ಮೊಟ್ಟೆ ಮೇಲೆ ತಂದುಕೊಡುತ್ತಿದ್ದರು. ಲಿಫ್ಟಿನ ಬಾಗಿಲು ಮುಚ್ಚಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿದರೆ ಹೊರಗೆ ಬೆಂಕಿಯಂಥ ಬಿಸಿಲು, ನಿಂತ ಕಾರುಗಳು, ನನಗೆ ಬಾರದ ಮಾತುಗಳು. ಹಿಂದಿಯಲ್ಲಿ “ಕ್ಯಾ ಹೋನಾ?” ಎಂದು ಯಾರಾದರೂ ಕೇಳಿದರೆ ನಾನು ನಕ್ಕು ವಾಪಸು ಬರುವವಳು. ಒಂದು ಕಿಟಕಿಯಿಂದ ಎದುರಿನ ಕಟ್ಟಡದ ನೀರಿನ ಟ್ಯಾಂಕ್ ಕಾಣುತ್ತಿತ್ತು. ಇನ್ನೊಂದರಲ್ಲಿ ಏ.ಸಿ. ಕೂರಿಸಿದ್ದರು. ಮಸೀದಿಯ ಬಾಂಗ್ ಕೇಳಿದಾಗ ಮಗುವಿಗೆ ಊಟ, ಮತ್ತೊಂದು ಬಾಂಗ್ ಆದಾಗ ದೊಡ್ಡವಳಿಗೆ ಚಾ. ದಿನ ಹಾಗೆ ಹೋಗುತ್ತಿತ್ತು. ಪಾಸ್‌ಪೋರ್ಟ್ ನಿಮ್ಮ ಅಮ್ಮನ ಕಪಾಟಿನಲ್ಲಿ, ಪಟ್ಟೆ ಸೀರೆಗಳ ಅಡಿಯಲ್ಲಿ ಇತ್ತು. ಭದ್ರವಾಗಿರಲಿ ಎಂದೇ ಅಲ್ಲಿಟ್ಟದ್ದು.

ನಿಮ್ಮ ಅಪ್ಪನ ವಿಷಯವನ್ನೂ ಹೇಳಬೇಕು. ನಾನು ಬೆಳೆದ ಮನೆಯಲ್ಲಿ ಅತ್ತೆ ಅಳಿಯನ ಎದುರು ಕುಳಿತುಕೊಳ್ಳುತ್ತಿರಲಿಲ್ಲ, ಮುಖ ನೋಡಿ ಮಾತಾಡುತ್ತಲೂ ಇರಲಿಲ್ಲ. ಈಗಿನವರು ಅದನ್ನೆಲ್ಲ ಬಿಟ್ಟಿದ್ದಾರೆ. ನಾನು ಬಿಟ್ಟಿರಲಿಲ್ಲ. ಅವರು ಸಂಜೆ ಬಾಗಿಲು ತೆರೆದ ಸದ್ದಾದರೆ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಚಾ ಕೊಡುವಾಗ ದೊಡ್ಡವಳಿಗೆ ಹೇಳುವುದು: “ಸಕ್ಕರೆ ಸಾಕಾ ಅಂತ ನಿನ್ನ ಅಪ್ಪನತ್ರ ಕೇಳು.” ಅವರು ಎರಡು ಮೊಳ ದೂರದಲ್ಲಿ ಕುಳಿತು “ಸಾಕು ಅಂತ ಹೇಳು” ಎನ್ನುವುದು. ದೊಡ್ಡವಳಿಗೆ ತಲೆ ಕೆಟ್ಟು, “ನೀವಿಬ್ರೂ ಫೋನಲ್ಲಿ ಮಾತಾಡಿ, ನಾನು ಹೋಗ್ತೇನೆ” ಎಂದು ಒಂದು ದಿನ ಕೂಗಿದ್ದೂ ಉಂಟು. ಅವರು ಒಳ್ಳೆಯವರು. ನನಗೆ ಬೇಕೆಂದು ಕುಚ್ಚಲಕ್ಕಿ ಹುಡುಕಿ ತರುತ್ತಿದ್ದರು. ಅಕ್ಕಿ ಚೆನ್ನಾಗಿದೆ ಎಂದು ಕೂಡ ನಾನು ಅವರಿಗೆ ನೇರವಾಗಿ ಹೇಳಿದವಳಲ್ಲ.

ಹೀಗೆ ಒಂದು ವರ್ಷ ಎಂಟು ತಿಂಗಳು ಕಳೆದ ಮೇಲೆ ಊರಿನಿಂದ ಫೋನ್ ಬಂತು.

ನಿಮ್ಮ ಅಜ್ಜ ನಮ್ಮೂರ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುತ್ತಿದ್ದರು. ಅವರು ಹೋದ ಮೇಲೆ ಸೊಸೈಟಿಯವರು ಪಕ್ಕದ ಸಣ್ಣ ಕೋಣೆಯನ್ನು, ಖಾಲಿ ಕ್ಯಾನುಗಳನ್ನು ಇಡುವ ಕೋಣೆಯನ್ನು, ನನಗೆ ಬಿಟ್ಟುಕೊಟ್ಟರು. ಅಲ್ಲಿ ನಾನು ಮನೆಯಲ್ಲಿದ್ದ ಹೊಲಿಗೆ ಮೆಷಿನ್ ತಂದು ಇಟ್ಟೆ. ರವಕೆ, ಶಾಲೆಯ ಯೂನಿಫಾರ್ಮ್, ಲಂಗ. ಗಂಡ ಇದ್ದಾಗ ನಾನು ಅಂಗಳ ದಾಟಿ ಒಬ್ಬಳೇ ಹೋದವಳಲ್ಲ. ಆ ಕೋಣೆಯಲ್ಲಿ ಕುಳಿತ ಮೇಲೆ ಊರ ಹೆಂಗಸರೆಲ್ಲ ನನ್ನ ಹತ್ತಿರ ಬಂದು ನಿಂತು, ಕೈ ಎತ್ತಿ, ನಾನು ಅಳತೆ ತೆಗೆಯುವವರೆಗೆ ಉಸಿರು ಹಿಡಿದುಕೊಳ್ಳುತ್ತಿದ್ದರು. ನನ್ನಲ್ಲಿ ಹೊಲಿಗೆ ಕಲಿತ ಒಬ್ಬಳು ಹುಡುಗಿ ಇದ್ದಳು. ಜಗತ್ತಿನಲ್ಲಿ ನನ್ನನ್ನು ಟೀಚರ್ ಎಂದು ಕರೆಯುವುದು ಅವಳೊಬ್ಬಳೇ. ಫೋನ್ ಅವಳದ್ದು.

“ಟೀಚರ್, ನೀವು ಬರುದಾ ಇಲ್ವಾ, ಒಂದು ಮಾತು ಹೇಳಿ. ಸೊಸೈಟಿಯ ಕಮಿಟಿ ಬದ್ಲಾಯ್ತು. ಬೀಗ ಹಾಕಿದ ರೂಮು ಇಟ್ಕೊಂಡು ಎಂತ ಮಾಡುದು, ಮೊಬೈಲ್ ಅಂಗಡಿಯವ್ರಿಗೆ ಕೊಡುವ ಅಂತಿದ್ದಾರೆ. ಚೌತಿಯ ಒಳಗೆ ನೀವು ಬಂದು ಬಾಗಿಲು ತೆಗೆದ್ರೆ ನಿಮ್ಗೇ ಅಂತೆ.”

“ನೀನು ಕೂತ್ಕೊಂಡ್ರೆ ಆಗುದಿಲ್ವಾ?”

“ನನ್ನನ್ನು ಯಾರು ಕೇಳ್ತಾರೆ? ರೂಮು ನಿಮ್ಗೆ ಕೊಟ್ಟದ್ದು. ಮತ್ತೆ ನನ್ಗೆ ಮದುವೆ ಬೇರೆ ಫಿಕ್ಸ್ ಆಯ್ತಲ್ಲ ಟೀಚರ್.”

ಚೌತಿಗೆ ಇನ್ನು ಎರಡು ತಿಂಗಳಿತ್ತು. ಆ ವರ್ಷದ ರಜೆಗೆ ಎಲ್ಲರೂ ಊರಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು, ನಾನು ಅದನ್ನೇ ನಂಬಿಕೊಂಡಿದ್ದೆ. ಆದರೆ ಅದೇ ವಾರ ಗ್ಯಾರೇಜಿನಲ್ಲಿ ಇಬ್ಬರು ಪೇಂಟರುಗಳು ಕೆಲಸ ಬಿಟ್ಟರು. ನಿಮ್ಮ ಅಪ್ಪನಿಗೆ ರಜೆ ಸಿಗಲಿಲ್ಲ. ಊರು ಮುಂದಿನ ವರ್ಷ ಎಂದಾಯಿತು.

ನಾನು ನಿಮ್ಮ ಅಮ್ಮನಿಗೆ ಹೇಳಿದೆ. ಅವಳು ಕೆಲಸದಿಂದ ಬಂದು ಕಾಲು ನೀಡಿ ಕುಳಿತಿದ್ದಳು. ಇಡೀ ದಿನ ನಿಂತು ಪಾದ ಊದಿಕೊಂಡಿತ್ತು.

“ಅಮ್ಮ, ಅಲ್ಲಿ ಹೋಗಿ ಯಾರ್ಯಾರದ್ದೋ ಬ್ಲೌಸ್ ಹೊಲ್ಕೊಂಡು ಕೂತ್ಕೊಳ್ಬೇಕಾ ನೀನು ಈ ಪ್ರಾಯದಲ್ಲಿ? ಇಲ್ಲಿ ಎಂತ ಕಮ್ಮಿ ಆಗಿದೆ ನಿನ್ಗೆ?”

“ಕಮ್ಮಿ ಅಂತಲ್ಲ…”

“ಮತ್ತೆ?”

ನಾನು ಬಿಸಿನೀರು ತಂದು ಅವಳ ಕಾಲ ಬಳಿ ಇಟ್ಟೆ. “ಆಯ್ತು, ಇವರತ್ರ ಮಾತಾಡ್ತೇನೆ” ಎಂದಳು. ಮಾತಾಡಿರಬೇಕು ಎಂದು ನಾನು ಒಂದು ವಾರ ಕಾದೆ. ಎರಡು ವಾರ ಕಾದೆ. ನಿಮ್ಮ ಅಪ್ಪನ ಮುಖದಿಂದ ಏನೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ನಾನು ಅವರ ಮುಖವನ್ನು ನೋಡುತ್ತಲೇ ಇರಲಿಲ್ಲ.

ಆ ಹೊತ್ತಿಗೇ ಪುಸ್ತಕಗಳ ಪೆಟ್ಟಿಗೆ ಮನೆಗೆ ಬಂದದ್ದು.

ಮೇಲಿನ ಮಹಡಿಯಲ್ಲಿ ಫಿಲಿಪ್ಪೀನ್ಸಿನ ಒಬ್ಬಳು ನರ್ಸ್ ಇದ್ದಳು. ಕೆಲಸ ಮುಗಿಸಿ ತನ್ನ ಊರಿಗೆ ಹೊರಟವಳು, ಒಂದು ರಟ್ಟಿನ ಪೆಟ್ಟಿಗೆಯನ್ನು ದೊಡ್ಡವಳಿಗೆ ಕೊಟ್ಟು, ಅವಳ ಗಲ್ಲ ಹಿಂಡಿ ಹೋದಳು. ಅವಳ ಸೂಟ್‌ಕೇಸುಗಳು ಮೆಟ್ಟಿಲಿನಲ್ಲಿ ಇಳಿದು ಹೋಗುವುದನ್ನು ನಾನು ಬಾಗಿಲ ಸಂದಿಯಿಂದ ಎಣಿಸಿದೆ. ಮೂರು.

ಪೆಟ್ಟಿಗೆಯಲ್ಲಿ ಎಂಟು ಪುಸ್ತಕಗಳು. ಒಂದೇ ದೊಡ್ಡ ಕತೆ, ಎಂಟು ಭಾಗ. ಜಪಾನಿನ ಚಿತ್ರಕತೆ, ಹುಡುಗಿಯರಿಗೆಂದೇ ಬರೆದದ್ದು ಎಂದು ದೊಡ್ಡವಳು ಹೇಳಿದಳು. ಆಗ ಅವಳಿಗೆ ಹನ್ನೊಂದು ವರ್ಷ, ಶಾಲೆಗೆ ಬೇಸಗೆ ರಜೆ. “ಇದು ಅಮ್ಮನಿಗಿಂತ ಓಲ್ಡ್ ಅಜ್ಜಿ! ಕ್ಲಾಸಿಕ್!” ಎಂದು ಅವಳು ಕುಣಿದಳು. ಮಾತುಗಳನ್ನು ಇಂಗ್ಲಿಷಿಗೆ ಮಾಡಿದ್ದರು. ಬಣ್ಣ ಹೊದಿಕೆಗೆ ಮಾತ್ರ, ಒಳಗೆಲ್ಲ ಕಪ್ಪು ಗೆರೆ.

ಅಂಥ ಚಿತ್ರಗಳನ್ನು ನಾನು ಮೊದಲು ನೋಡಿರಲಿಲ್ಲ. ಆಕಾಶದಲ್ಲಿ ಹೋಗುವ ದೊಡ್ಡದೊಂದು ಹಡಗು. ಅದರೊಳಗೆ ನೂರಾರು ಜನ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿದ್ದಾರೆ. ಎಚ್ಚರ ಇರುವುದು ಒಬ್ಬಳು ಹುಡುಗಿಗೆ ಮಾತ್ರ. ಅವಳ ಕಣ್ಣುಗಳು ಮುಖದ ಅರ್ಧದಷ್ಟು, ಒಂದೊಂದು ಕಣ್ಣಿನಲ್ಲಿ ನಾಲ್ಕು ನಕ್ಷತ್ರ. ಗಾಳಿಯೇ ಇಲ್ಲದ ಜಾಗದಲ್ಲೂ ಕೂದಲು ಹಾರುತ್ತದೆ. ಯಾರಾದರೂ ಅತ್ತರೆ ಸುತ್ತಲೂ ಹೂವು ಬೀಳುತ್ತದೆ, ಎಲ್ಲಿಂದ ಎಂದು ಕೇಳಬಾರದು. ಅವಳನ್ನು ನೋಡಿಕೊಳ್ಳಲು ಒಂದು ಯಂತ್ರ ಇದೆ. ಅದಕ್ಕೆ ಮುದುಕಿಯ ಆಕಾರ, ತುರುಬು ಕೂಡ ಉಂಟು. ಬೆನ್ನಿನಿಂದ ಒಂದು ಉದ್ದದ ವಯರ್ ಹೊರಟು ಹಡಗಿನ ಗೋಡೆಗೆ ಸೇರುತ್ತದೆ. ವಯರ್ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮುದುಕಿ.

ನನ್ನ ಕಣ್ಣು ಹೋದದ್ದು ಬಟ್ಟೆಯ ಮೇಲೆ. ಆಕಾಶಕ್ಕೆ ಹೋಗುವವಳಿಗೆ ಬುಗ್ಗೆ ತೋಳು! ತೋಳಿನ ತುದಿಗೆ ನೆರಿಗೆ, ನೆರಿಗೆಗೆ ಮತ್ತೆ ಲೇಸು. ಬರೆದವಳಿಗೆ ಹೊಲಿಗೆ ಗೊತ್ತಿತ್ತು ಎಂದು ನನಗೆ ಒಂದೇ ನೋಟಕ್ಕೆ ತಿಳಿಯಿತು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಮಾತ್ರ ಲಂಗ ಹಾಗೆ ಬೀಳುವುದು.

ದೊಡ್ಡವಳು ಓದಿ ಮುಗಿಸಿದ ಪುಸ್ತಕವನ್ನು ಸೋಫಾದ ಮೇಲೆ ಬಿಟ್ಟು ಹೋಗುವಳು. ಮಧ್ಯಾಹ್ನ ಚಿಕ್ಕವಳು ಮಲಗಿದ ಮೇಲೆ ನಾನು ಅದನ್ನು ಎತ್ತಿಕೊಳ್ಳುತ್ತಿದ್ದೆ. ಇಂಗ್ಲಿಷ್ ಅಂಕೆ ನನಗೆ ಬರುತ್ತದೆ, ಆದ್ದರಿಂದ ಒಂದು, ಎರಡು, ಮೂರು ಎಂದು ಕ್ರಮ ತಪ್ಪದೆ ನೋಡಿದೆ. ಮಾತು ಓದಲು ಬಾರದು, ಚಿತ್ರ ಸಾಕಿತ್ತು. ನಾವು ಪುಸ್ತಕ ತೆರೆಯುವ ಹಾಗೆ ತೆರೆದೆ. ಮೊದಲ ಪುಟದಲ್ಲೇ ಇಂಗ್ಲಿಷಿನಲ್ಲಿ ಏನೋ ಬರೆದು ಬಾಣದ ಗುರುತು ಹಾಕಿದ್ದರು. ಜಾಹೀರಾತು ಎಂದುಕೊಂಡು ದಾಟಿದೆ. ದೊಡ್ಡವಳು ಪುಟಗಳನ್ನು ಆಚೆಯಿಂದ ಈಚೆಗೆ ತಿರುಗಿಸುವುದನ್ನು ನಾನು ಕಂಡಿದ್ದೆ. ಶಾಲೆಯಲ್ಲಿ ಅರಬಿ ಕಲಿಸುತ್ತಾರಲ್ಲ, ಆ ಅಭ್ಯಾಸ ಎಂದುಕೊಂಡೆ. ಸಣ್ಣ ವಿಷಯಕ್ಕೆಲ್ಲ ಮಗುವನ್ನು ಯಾಕೆ ತಿದ್ದುವುದು?

ನಾನು ಓದಿದ ಕತೆ ಹೀಗಿತ್ತು. ಮೊದಲಿಗೆ ಬಾಗಿಲು ತೆರೆದಿರುತ್ತದೆ. ಆಚೆ ಒಂದು ತೋಟವೋ ಬೆಳಕಿನ ಕೋಣೆಯೋ ಇರುತ್ತದೆ. ಹುಡುಗಿ ಅಲ್ಲಿಂದ ಒಳಗೆ ಬರುತ್ತಾಳೆ, ಬಾಗಿಲು ಮುಚ್ಚುತ್ತದೆ. ಓಣಿ ಓಣಿ ನಡೆಯುತ್ತಾಳೆ. ಒಂದು ಕಡೆ ಅಳುತ್ತಾಳೆ. ಕೊನೆಗೆ ಗಾಜಿನ ಪೆಟ್ಟಿಗೆಯಲ್ಲಿ ಮಲಗುತ್ತಾಳೆ. ಮುದುಕಿ ಪಕ್ಕದಲ್ಲಿ ಕುಳಿತಿರುತ್ತಾಳೆ. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ಎಷ್ಟೆಷ್ಟು ದೊಡ್ಡ ಬಾಗಿಲು ತೆರೆದರೂ ಪುಸ್ತಕ ಮುಗಿಯುವಾಗ ಮುಚ್ಚಿಯೇ ಮುಚ್ಚುತ್ತದೆ. ಮಕ್ಕಳಿಗೆ ಇಂಥ ಕತೆ ಯಾಕೆ ಬರೆದರಪ್ಪ ಎಂದು ನನಗೆ ಅನಿಸುತ್ತಿತ್ತು. ಆದರೂ ಬಿಡಲಾಗಲಿಲ್ಲ. ಟ್ಯಾಂಕನ್ನು ನೋಡಿಕೊಂಡು ಕುಳಿತುಕೊಳ್ಳುವುದಕ್ಕಿಂತ ಅದು ವಾಸಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ತೋಳು. ನಾಲ್ಕನೆಯ ಪುಸ್ತಕದಲ್ಲಿ ಹುಡುಗಿಯ ಅಂಗಿಯ ಎಡತೋಳು ಭುಜದಿಂದ ಮೊಣಕೈಯವರೆಗೆ ಹರಿದು ನೇತಾಡುತ್ತದೆ. ಮುಂದಿನ ಪುಟದಲ್ಲಿ ಒಂದು ಕಬ್ಬಿಣದ ಬಾಗಿಲಿಗೆ ಸಿಕ್ಕಿಕೊಂಡಿದೆ. ಅದರ ಮುಂದಿನ ಪುಟದಲ್ಲಿ ನೋಡಿದರೆ ಪೂರ್ತಿ ಸರಿ ಇದೆ. ಕೂಡಿಸಿದ ಗುರುತೇ ಇಲ್ಲ. ಯಂತ್ರದ ಮುದುಕಿ ಹೊಲಿದದ್ದು ಎಂದು ನಾನು ನಿಶ್ಚಯ ಮಾಡಿದೆ. ಎಂಥ ಕೈ! ನಲವತ್ತು ವರ್ಷ ಸೂಜಿ ಹಿಡಿದವಳು ನಾನು, ನನಗೂ ಹಾಗೆ ಬರುವುದಿಲ್ಲ. ಸೂಜಿಯ ಚಿತ್ರ ಎಲ್ಲಾದರೂ ಇದೆಯೇ ಎಂದು ಕನ್ನಡಕ ಹಾಕಿ ಹುಡುಕಿದೆ. ಇರಲಿಲ್ಲ. ಮರುದಿನ ಚಿಕ್ಕವಳ ಹರಿದ ಅಂಗಿಯೊಂದನ್ನು ತೆಗೆದುಕೊಂಡು, ಅದೇ ಬಟ್ಟೆಯ ಎಳೆ ಬಿಡಿಸಿ, ಹಾಗೆ ಗುರುತಿಲ್ಲದೆ ಕೂಡಿಸಲು ಮೂರು ಮಧ್ಯಾಹ್ನ ಪ್ರಯತ್ನ ಮಾಡಿದೆ.

ದೊಡ್ಡವಳು ಒಂದು ದಿನ ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟು ಮುದುಕಿಯ ಚಿತ್ರದ ಮೇಲೆ ಬೆರಳಿಟ್ಟಳು.

“ಅಜ್ಜಿ, ಇದು ನೀನೇ.”

“ನಾನಾ? ನನ್ಗೆಲ್ಲಿ ವಯರ್ ಉಂಟು?”

“ವಯರ್ ಅಲ್ಲ. ಅವ್ಳು ಯಾವಾಗ್ಲೂ ಇರ್ತಾಳೆ. ಹುಡುಗಿ ಎದ್ದಾಗ ಇರ್ತಾಳೆ, ಮಲಗಿದಾಗ ಇರ್ತಾಳೆ. ನಿನ್ನ ಹಾಗೆ.”

“ಅವಳಿಗೆ ಊರು ಯಾವುದು?”

“ಊರು? ಅವ್ಳು ಮೆಷಿನ್ ಅಜ್ಜಿ! ಮೆಷಿನ್‌ಗೆ ಊರು ಇಲ್ಲ.”

“ಯಾಕಿಲ್ಲ? ನನ್ನ ಹೊಲಿಗೆ ಮೆಷಿನಿಗೇ ಉಂಟು. ಲುಧಿಯಾನ. ಮೇಲೆ ಬರೆದಿದ್ದಾರೆ.”

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆದರೆ ಆ ಸಂಜೆ ಅನ್ನ ಬಸಿಯುವಾಗ ಬೆನ್ನನ್ನು ಒಂದು ಸಲ ಮುಟ್ಟಿ ನೋಡಿಕೊಂಡೆ ಎಂದರೆ ನೀವು ನಂಬುವುದಿಲ್ಲ.

ಎಂಟನೆಯ ಪುಸ್ತಕವನ್ನು ದೊಡ್ಡವಳು ಓದದೆ ಇಟ್ಟಿದ್ದಳು. ಮುಗಿದರೆ ಬೇಜಾರಾಗುತ್ತದೆ ಎಂದು ದಿನಾ ಮುಂದೂಡುತ್ತಿದ್ದಳು. ನಾನು ಅವಳಿಗೆ ತಿಳಿಸದೆ ನೋಡಿದೆ. ಅದೊಂದೇ ಸಂತೋಷದ ಪುಸ್ತಕ. ಬಾಗಿಲಲ್ಲಿ ಮುದುಕಿ ನಿಂತಿದ್ದಾಳೆ. ಎದುರಿಗೆ ಹುಲ್ಲಿನ ಬಯಲು, ಬಹಳ ದೂರದಲ್ಲಿ ಒಂದು ಚುಕ್ಕೆ. ಪುಟ ಪುಟಕ್ಕೂ ಚುಕ್ಕೆ ದೊಡ್ಡದಾಗುತ್ತ ಹುಡುಗಿಯಾಗುತ್ತದೆ. ಅವಳು ಬೆನ್ನು ಹಾಕಿಕೊಂಡು ನಡೆದು ಬರುತ್ತಾಳೆ. ಹಿರಿಯರ ಮನೆಗೆ ಬರುವಾಗ ಹಿಂದೆ ಹಿಂದೆ ನಡೆದು ಬರುವುದು ಜಪಾನಿನ ಪದ್ಧತಿ ಇರಬೇಕು ಎಂದುಕೊಂಡೆ. ಹತ್ತಿರ ಬಂದು ಮುದುಕಿಯನ್ನು ತಬ್ಬಿಕೊಂಡು ಅಳುತ್ತಾಳೆ. ಪುಟ ತುಂಬ ಹೂವು. ನಾನೂ ಕಣ್ಣೊರೆಸಿಕೊಂಡೆ.

ಅಷ್ಟರಲ್ಲಿ ಊರಿನಿಂದ ಮತ್ತೆ ಫೋನ್. “ಟೀಚರ್, ಮೊಬೈಲ್ ಅಂಗಡಿಯವ್ರು ಬಂದು ರೂಮಿನ ಅಳತೆ ತೆಗೊಂಡು ಹೋದ್ರು.” ಚೌತಿಗೆ ಮೂರು ವಾರ ಉಳಿದಿತ್ತು. “ನೋಡುವ” ಎಂದೆ. ಅಳತೆ ತೆಗೆಯುವುದು ಎಂಬ ಮಾತು ಎದೆಯಲ್ಲೇ ಕುಳಿತುಬಿಟ್ಟಿತು. ಆ ಕೋಣೆಯಲ್ಲಿ ಅಳತೆ ತೆಗೆಯುತ್ತಿದ್ದವಳು ನಾನು.

ಅದರ ಮರುದಿನ ಶುಕ್ರವಾರ, ಎಲ್ಲರಿಗೂ ರಜೆ. ನಾನು ಅಡುಗೆಮನೆಯಲ್ಲಿ ಎಣ್ಣೆಗೆ ಹಾಕಿ ಬಂಗುಡೆ ಮೀನು ಕಾಯಿಸುತ್ತಿದ್ದೆ. ದೊಡ್ಡವಳು ಬಾಗಿಲಲ್ಲಿ ನಿಂತು ನಾಲ್ಕನೆಯ ಪುಸ್ತಕವನ್ನು ಎರಡನೆಯ ಸಲ ಓದುತ್ತಿದ್ದಳು. ತಡೆಯಲಾರದೆ ಕೇಳಿದೆ.

“ಅಲ್ಲ ಮಗ, ಆ ಅಜ್ಜಿ ತೋಳು ಹೊಲಿದದ್ದು ಯಾವ ಪುಟದಲ್ಲಿ ಉಂಟು? ನನ್ಗೆ ಸಿಕ್ಲೇ ಇಲ್ಲ.”

“ಎಂತ ಹೊಲಿದದ್ದು?”

“ಹರಿದದ್ದಲ್ವಾ? ಮತ್ತೆ ಸರಿ ಆಗ್ತದಲ್ಲ?”

ಅವಳು ಪುಟ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಅವಳ ಬಾಯಿಂದ ಹೊರಟ ಕೂಗು ಕೋಲ್ಡ್ ಸ್ಟೋರಿನವರೆಗೂ ಕೇಳಿಸಿರಬೇಕು. “ಅಪ್ಪಾ! ಅಜ್ಜಿ ಪೂರಾ ಸೀರೀಸ್ ರಿವರ್ಸ್ ಓದಿದ್ದಾರೆ! ಜಪಾನಿ ಬುಕ್ ರೈಟಿಂದ ಓದುದು! ಅರಬಿ ಹಾಗೆ! ಅಜ್ಜಿ ಲಾಸ್ಟಿಂದ ಫಸ್ಟಿಗೆ ಓದಿದ್ದಾರೆ!”

ಹೊರಗೆ ನಗು ಎದ್ದಿತು. ನಿಮ್ಮ ಅಮ್ಮನ ದನಿ: “ಅಮ್ಮಾ, ಇಲ್ಲಿಗೆ ಬಂದು ಹಿಂದಿ ಕಲಿ ಅಂದ್ರೆ ಜಪಾನಿ ಕಲ್ತಿಯಾ ನೀನು?” ನಿಮ್ಮ ಅಪ್ಪ ದೊಡ್ಡವಳಿಗೆ, “ಅಜ್ಜಿ ಉಲ್ಟಾ ಆದ್ರೂ ಓದಿದ್ರಲ್ಲ. ನೀನು ಕನ್ನಡ ಪುಸ್ತಕ ಎಷ್ಟು ಓದಿದ್ದಿ, ಸೀದಾವೋ ಉಲ್ಟಾವೋ?” ಎಂದರು. ನನಗೆ ಮುಖ ಬಿಸಿಯಾಯಿತು. ಆದರೆ ಬೇಸರಕ್ಕಿಂತ ಹೆಚ್ಚಾಗಿ ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಹಾಗಾದರೆ ಆ ಬಾಗಿಲುಗಳು ಮುಚ್ಚುವುದಲ್ಲ. ಪ್ರತಿ ಪುಸ್ತಕದಲ್ಲೂ ಹುಡುಗಿ ಏಳುತ್ತಾಳೆ, ಕೊನೆಗೆ ತೆರೆಯುತ್ತದೆ. ಇಡೀ ಊರಿಗೆ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ಮತ್ತು ತೋಳನ್ನು ಯಾರೂ ಹೊಲಿಯಲಿಲ್ಲ. ಅವಳು ಬಾಗಿಲು ದೂಡಿ ಹೊರಗೆ ಬರುವಾಗ ಅದು ಹರಿದದ್ದು.

“ಮಾಮಿ,” ಎಂದು ನಿಮ್ಮ ಅಪ್ಪ ಕರೆದರು. ನಮ್ಮಲ್ಲಿ ಅತ್ತೆಯನ್ನು ಹಾಗೆ ಕರೆಯುವುದು. ದೊಡ್ಡವಳ ಕೈಯಲ್ಲಿ ಹೇಳಿಸದೆ ನೇರವಾಗಿ ಕರೆದರು. “ನಿಮ್ಮ ಲೆಕ್ಕದಲ್ಲಿ ಕತೆ ಎಂತ? ನಾವೂ ಕೇಳುವ.”

ನಾನು ಗೋಡೆಯ ಈಚೆ, ಚಮಚ ಹಿಡಿದು ನಿಂತಿದ್ದೆ. ಉತ್ತರ ಹೇಳದಿದ್ದರೆ ಮರ್ಯಾದೆಯಲ್ಲ.

“ಬಾಗಿಲು ತೆರೆದಿರ್ತದೆ,” ಎಂದೆ. “ಮತ್ತೆ ಮುಚ್ತದೆ. ಮಗು ಮಲಗ್ತದೆ. ಮುದುಕಿ ಕೂತಿರ್ತಾಳೆ.”

“ಆಮೇಲೆ?”

“ಆಮೇಲೆ ಎಂತ ಇಲ್ಲ. ಇನ್ನೊಂದು ಪುಸ್ತಕ. ಅದ್ರಲ್ಲೂ ಹಾಗೇ.”

ಯಾರೂ ನಗಲಿಲ್ಲ. ನಾನು ಒಲೆ ಆರಿಸಿದೆ. ಮತ್ತೆ ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ, ಗೋಡೆಗೆ ಹೇಳಿದ ಹಾಗೆ ಹೇಳಿದೆ.

“ನನ್ಗೆ ಚೌತಿಯ ಮೊದಲು ಊರಿಗೆ ಹೋಗ್ಬೇಕು.”

“ಅಮ್ಮ, ಈಗ ಅದೆಂತಕ್ಕೆ?” ಎಂದಳು ನಿಮ್ಮ ಅಮ್ಮ.

ನಿಮ್ಮ ಅಪ್ಪ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ಹಿಂದೆ ಸರಿಯಲು ಜಾಗ ಇರಲಿಲ್ಲ, ಹಿಂದೆ ಫ್ರಿಜ್ಜಿತ್ತು. “ನೀವೇ ಬೇಡ ಅಂದದ್ದಂತೆ ಮಾಮಿ? ಊರಲ್ಲಿ ನನ್ಗೆ ಎಂತ ಉಂಟು, ಇಲ್ಲೇ ಖುಷಿ ಅಂತ ಹೇಳಿದ್ರಂತಲ್ಲ?”

ನಾನು ನಿಮ್ಮ ಅಮ್ಮನ ಕಡೆ ನೋಡಲಿಲ್ಲ. “ಅವ್ಳದ್ದು ತಪ್ಪಲ್ಲ,” ಎಂದೆ. “ನಾನೇ ಸರಿ ಬಾಯಿ ಬಿಟ್ಟು ಹೇಳ್ಲಿಲ್ಲ. ಸೊಸೈಟಿಯ ರೂಮು ಹೋಗ್ತದೆ. ನನ್ಗೆ ಅದು ಬೇಕು.”

ಜೀವಮಾನದಲ್ಲಿ ನನಗೆ ಬೇಕು ಎಂದು ನಾನು ಒಬ್ಬ ಗಂಡಸಿನ ಮುಖ ನೋಡಿ ಹೇಳಿದ್ದು ಅದೇ ಮೊದಲು. ನಿಮ್ಮ ಅಜ್ಜನಿಗೂ ಹೇಳಿದವಳಲ್ಲ. ನಿಮ್ಮ ಅಪ್ಪನ ಕೈಯಲ್ಲಿ ಉಗುರಿನ ಸುತ್ತ ನೀಲಿ ಪೇಂಟ್ ಹಾಗೇ ಉಳಿದಿತ್ತು. ಅವರು ಆ ಉಗುರನ್ನೇ ನೋಡಿಕೊಂಡು, “ಆಯ್ತು ಮಾಮಿ, ಟಿಕೆಟ್ ನೋಡ್ತೇನೆ” ಎಂದರು.

ಇದರಿಂದ ಸುಖವಾಯಿತು ಎಂದು ಬರೆದರೆ ಮತ್ತೆ ಸುಳ್ಳಾಗುತ್ತದೆ. ಅವರು ಹೊರಗೆ ಹೋದ ಮೇಲೆ ನಿಮ್ಮ ಅಮ್ಮ ಅಡುಗೆಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು.

“ಅವ್ರ ಎದುರು ನನ್ನನ್ನು ಸುಳ್ಳಿ ಮಾಡಿದಿ. ಆಯ್ತು. ಈಗ ಪಾಪುವನ್ನು ಯಾರು ನೋಡುದು? ನರ್ಸರಿಗೆ ಇನ್ನೂ ವರ್ಷ ಆಗ್ಬೇಕು. ನಾನು ಕೆಲಸ ಬಿಡುದಾ? ನೀನು ಹೋದ್ರೆ ಈ ಬಾಗಿಲ ಒಳಗೆ ನಾನು. ಅದು ನಿನ್ಗೆ ಗೊತ್ತಿಲ್ವಾ ಅಮ್ಮ?”

ಗೊತ್ತಿತ್ತು. ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಮಗಳ ಊದಿದ ಪಾದ ನೋಡಿದೆ. ಹೋಗುವುದಿಲ್ಲ ಬಿಡು ಎಂಬ ಮಾತು ನಾಲಿಗೆಯ ತುದಿಗೆ ಬಂತು. ನಾನು ಅದನ್ನು ಹೇಳಲಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ಒಂದು ಅಳುಕಿದೆ. ಆದರೆ ಹೇಳಿದ್ದರೆ ಇನ್ನೊಂದು ಸಲ ಬಾಯಿ ತೆರೆಯುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು.

ಅವಳು ಹನ್ನೆರಡು ದಿನ ನನ್ನೊಡನೆ ಮಾತಾಡಲಿಲ್ಲ. ಈಗ ನಾವಿಬ್ಬರೂ ದೊಡ್ಡವಳ ಬಾಯಿಂದ ಮಾತಾಡುವ ಹಾಗಾಯಿತು. “ಅಜ್ಜಿಗೆ ಹೇಳು, ಸಾರಿಗೆ ಉಪ್ಪಿಲ್ಲ.” “ಅಮ್ಮನಿಗೆ ಹೇಳು, ಹಾಕ್ತೇನೆ.” ಆ ದಿನಗಳಲ್ಲಿ ನಿಮ್ಮ ಅಪ್ಪನೇ ನೆಲ ಅಂತಸ್ತಿನ ಕುಂದಾಪುರದ ಹೆಂಗಸೊಬ್ಬರನ್ನು ಕೇಳಿ ಬಂದರು. ಮನೆಯಲ್ಲೇ ಇಬ್ಬರು ಮಕ್ಕಳನ್ನು ನೋಡಿಕೊಳ್ಳುವವರು ಅವರು, ಚಿಕ್ಕವಳನ್ನೂ ಸೇರಿಸಿಕೊಳ್ಳುತ್ತೇನೆ ಎಂದರು. ನಿಮ್ಮ ಅಮ್ಮ ಕೆಲಸ ಬಿಡಬೇಕಾಗಲಿಲ್ಲ. ಆದರೆ ಚಿಕ್ಕವಳು ಮೊದಲ ವಾರ ಪೂರ್ತಿ ಅತ್ತಳು ಎಂದು ಆಮೇಲೆ ಕೇಳಿದೆ. ಚಿಕ್ಕವಳೇ, ನಿನಗೆ ಅದು ನೆನಪಿರಲಾರದು.

ದೊಡ್ಡವಳು ಎಂಟನೆಯ ಪುಸ್ತಕವನ್ನು ನನ್ನ ಪಕ್ಕದಲ್ಲೇ ಕುಳಿತು ಓದಿದಳು, ಸರಿಯಾದ ಕಡೆಯಿಂದ. ನಾನೂ ನೋಡಿದೆ. ಹುಡುಗಿ ಮುದುಕಿಯನ್ನು ತಬ್ಬಿ ಅಳುತ್ತಾಳೆ. ಆಮೇಲೆ ಹುಲ್ಲಿನ ಬಯಲಿಗೆ ಇಳಿದು ನಡೆಯುತ್ತಾಳೆ. ಚಿಕ್ಕದಾಗುತ್ತ ಚುಕ್ಕೆಯಾಗುತ್ತಾಳೆ. ವಯರ್ ಬಾಗಿಲವರೆಗೆ ಮಾತ್ರ. ಕೊನೆಯ ಪುಟದಲ್ಲಿ ಮುದುಕಿ ಒಬ್ಬಳೇ ನಿಂತಿದ್ದಾಳೆ.

“ನಿನ್ನದ್ರಲ್ಲಿ ಅವ್ಳು ವಾಪಸ್ ಬರ್ತಾಳೆ ಅಲ್ವಾ ಅಜ್ಜಿ?” ಎಂದಳು ದೊಡ್ಡವಳು.

“ಹೌದು. ಹಿಂದೆ ಹಿಂದೆ ನಡ್ಕೊಂಡು.”

ಅವಳಿಗೆ ನಗು ಬರಲಿಲ್ಲ. “ಆದ್ರೆ ಹೋಗುದು ನೀನು. ಬುಕ್ಕಲ್ಲಿ ಹಾಗಿಲ್ಲ,” ಎಂದು ಪುಸ್ತಕ ಮುಚ್ಚಿ ಗೋಡೆಯ ಕಡೆ ತಿರುಗಿದಳು. ನಾನು ಅವಳ ಜಡೆ ಬಿಚ್ಚಿ, ಬಾಚಿ, ಮತ್ತೆ ಹೆಣೆದೆ.

ಹೊರಡುವ ದಿನ ಮಧ್ಯಾಹ್ನ ನಿಮ್ಮ ಅಮ್ಮ ಕಪಾಟಿನಿಂದ ನನ್ನ ಪಾಸ್‌ಪೋರ್ಟ್ ತಂದು ಕೈಗೆ ಕೊಟ್ಟಳು. ಮತ್ತೆ ಹೋಗಿ ನಾಲ್ಕು ರವಕೆಗಳನ್ನು ತಂದು, ನನ್ನ ತೆರೆದ ಪೆಟ್ಟಿಗೆಯ ಮೇಲೆ ಎಸೆದ ಹಾಗೆ ಇಟ್ಟಳು.

“ತೋಳು ಬಿಗಿ ಆಗ್ತದೆ,” ಎಂದಳು. ಹನ್ನೆರಡು ದಿನಗಳ ನಂತರದ ಮೊದಲ ಮಾತು. “ಊರಿಗೆ ಹೋಗಿ ಸಡಿಲ ಮಾಡಿ ಕಳಿಸು. ಬರುವವರ ಕೈಯಲ್ಲಿ. ಇಲ್ಲಿನ ಟೈಲರುಗಳಿಗೆ ಬರುದಿಲ್ಲ.”

“ಅಳತೆ ತೆಗಿತೇನೆ, ನಿಲ್ಲು.”

ಅವಳು ನಿಂತಳು, ಕೈ ಎತ್ತಿದಳು. ಟೇಪ್ ಇರಲಿಲ್ಲ, ದಾರದಲ್ಲಿ ಅಳೆದು ಗಂಟು ಹಾಕಿದೆ. ನನ್ನ ಮಗಳು, ನಾನು ಅಳೆದು ಮುಗಿಸುವವರೆಗೆ, ಊರ ಹೆಂಗಸರ ಹಾಗೆ ಉಸಿರು ಹಿಡಿದುಕೊಂಡಿದ್ದಳು.

ಚೌತಿಗೆ ನಾಲ್ಕು ದಿನ ಇರುವಾಗ ನಾನು ಸೊಸೈಟಿಯ ಕೋಣೆಯ ಬಾಗಿಲು ತೆಗೆದೆ. ಒಳಗೆ ಇಲಿಯ ವಾಸನೆ. ಮೆಷಿನಿನ ಚಕ್ರ ತಿರುಗಲಿಲ್ಲ, ಎಣ್ಣೆ ಬಿಟ್ಟು ಅರ್ಧ ದಿನ ಕಾಯಬೇಕಾಯಿತು. ಹೊರಗೆ ಹಬ್ಬದ ರವಕೆಯ ಬಟ್ಟೆ ಹಿಡಿದು ಇಬ್ಬರು ಆಗಲೇ ನಿಂತಿದ್ದರು. ಅವರನ್ನು ಕಾಯಿಸಿ ನಾನು ಮೊದಲು ನಿಮ್ಮ ಅಮ್ಮನ ರವಕೆಗಳನ್ನು ತೆಗೆದುಕೊಂಡೆ. ಅವಳ ಮದುವೆಯ ಹೊತ್ತಿಗೆ ನಾನೇ ಹೊಲಿದವು. ತೋಳಿನ ಒಳಹೊಲಿಗೆಯನ್ನು ಬಿಚ್ಚಿ ನೋಡಿದೆ. ಎರಡೂ ಬದಿಗೆ ಒಂದೊಂದು ಇಂಚು ಬಟ್ಟೆಯನ್ನು ಆಗಲೇ ಬಿಟ್ಟಿದ್ದೆ. ಬಣ್ಣ ಮಾಸದೆ ಹೊಸದರ ಹಾಗೇ ಇತ್ತು.